ಕಾಗದದ ಮೇಲೆ ಇಬ್ಬರು ನರ್ಸುಗಳು

ಕೂರಬಿನ್, ನ್ಯೂ ಸೌತ್ ವೇಲ್ಸ್
೯ ಮಾರ್ಚ್ ೨೦೨೨

ಪ್ರೀತಿಯ ಸಿಸ್ಟರ್ ಮಕೆರೆತಾ,

ಬಂದು ಹನ್ನೆರಡು ದಿನವಾಯಿತು. ಚಂಡಮಾರುತಕ್ಕೆ ವುನಿವಾಯ್‌ನ ಟವರ್ ಬಿದ್ದಿದೆ ಎಂದು ಗೊತ್ತಿದ್ದೂ ಮೂರು ದಿನ ನಿಮ್ಮ ನಂಬರಿಗೆ ಫೋನ್ ಮಾಡುತ್ತಲೇ ಇದ್ದೆ. ಇನ್ನು ಕಾಗದವೇ ಗತಿ. ತಿಂಗಳ ಹಡಗು ತಪ್ಪದಿದ್ದರೆ ಇದು ಮೇ ತಿಂಗಳೊಳಗೆ ನಿಮ್ಮ ಕೈ ಸೇರಬಹುದು.

ಊರು ಚಿಕ್ಕದು, ಮಣ್ಣು ಕೆಂಪು, ಸಮುದ್ರಕ್ಕೆ ಎಂಟು ಗಂಟೆಯ ದಾರಿ. ವೃದ್ಧಾಶ್ರಮದಲ್ಲಿ ಅರವತ್ತೆರಡು ಜನ. ಊರಿನಲ್ಲಿ ಡಾಕ್ಟರಿಲ್ಲ, ಹದಿನೈದು ದಿನಕ್ಕೊಬ್ಬರು ಬಂದು ಸಂಜೆಯೊಳಗೆ ಹೊರಟುಬಿಡುತ್ತಾರೆ. ಆಸ್ಟ್ರೇಲಿಯಾ ಎಂದರೆ ಓಣಿಗೊಂದು ಆಸ್ಪತ್ರೆ ಎಂದುಕೊಂಡಿದ್ದೆ, ನಗಬೇಡಿ. ನನ್ನದು ನರ್ಸಿಂಗ್ ಕೆಲಸವೇ. ನೀವು ಕಲಿಸಿದ್ದು ತುಕ್ಕು ಹಿಡಿಯುವುದಿಲ್ಲ.

ಕ್ಲಾರಿ ಎಂಬ ಎಂಬತ್ತನಾಲ್ಕರ ಅಜ್ಜ ಇದ್ದಾರೆ, ಕುರಿ ಉಣ್ಣೆ ಕತ್ತರಿಸುತ್ತಿದ್ದವರು. ನನ್ನ ಹೆಸರು ನಾಲಿಗೆಗೆ ಬರುವುದಿಲ್ಲವಂತೆ. ‘ನಿನ್ನ ಲಿಜಿ ಅಂತ ಕರೀತೀನಿ. ಬೇಜಾರಾದ್ರೆ ಹೇಳು, ಆಮೇಲೂ ಹಾಗೇ ಕರೀತೀನಿ’ ಎಂದರು.

ರಜೆಯ ಅರ್ಜಿಗೆ ನೀವು ಸಹಿ ಹಾಕದಿದ್ದರೆ ನಾನು ಬರುತ್ತಲೇ ಇರಲಿಲ್ಲ. ದೊಡ್ಡ ದ್ವೀಪದಲ್ಲಿರುವ ಅಪ್ಪನ ಮನೆಗೆ ಚಾವಣಿ ಆಗಲಿ, ತಮ್ಮಂದಿರ ಓದು ಒಂದು ದಡ ಮುಟ್ಟಲಿ. ಹಡಗುಕಟ್ಟೆಯಲ್ಲಿ ಎಲ್ಲರೆದುರು ಹೇಳಿದ ಮಾತು ನೆನಪಿದೆ: ಒಂದೇ ವರ್ಷ.

ನಿಮ್ಮ
ಲೈಸಾನಿ

•

ವುನಿವಾಯ್ ಆರೋಗ್ಯ ಕೇಂದ್ರ, ಲಾವು ದ್ವೀಪಗಳು
೨ ಮೇ ೨೦೨೨

ಲೈಸಾನಿ,

ನಿನ್ನ ಕಾಗದ ಹಿಟ್ಟಿನ ಮೂಟೆಯ ಕೆಳಗೆ ಸಿಕ್ಕಿ ಚಪ್ಪಟೆಯಾಗಿ ಬಂತು. ಓದಲು ತೊಂದರೆಯಾಗಲಿಲ್ಲ. ಅಕ್ಷರ ಮಾತ್ರ ಡಾಕ್ಟರರ ಹಾಗೆ ಕೆಡುತ್ತಿದೆ, ತಿದ್ದಿಕೋ.

ಇಲ್ಲಿ ಐದು ಊರಿಗೆ ನಾನೊಬ್ಬಳೇ. ನೀನಿದ್ದಾಗ ಸಕ್ಕರೆ ಕಾಯಿಲೆಯವರ ಪಟ್ಟಿಯಲ್ಲಿ ಮೂವತ್ತೊಂದು ಹೆಸರಿತ್ತು, ಈಗ ನಲವತ್ನಾಲ್ಕು. ಮಕ್ಕಳು ದೊಡ್ಡ ದ್ವೀಪಕ್ಕೆ ಹೋಗುತ್ತಾರೆ, ಅಲ್ಲಿಂದ ಇನ್ನೂ ದೂರ ಹೋಗುತ್ತಾರೆ. ಉಳಿಯುವವರು ವಯಸ್ಸಾದವರು, ಡಬ್ಬಿ ಮೀನು, ಮತ್ತು ನಾನು. ನನಗೂ ಅರವತ್ತೊಂದು. ನಿವೃತ್ತಿಯಾಗಿ ಚಾಪೆ ಹೆಣೆಯುತ್ತ ಕೂತಿದ್ದವಳನ್ನು ಮತ್ತೆ ಕರೆದದ್ದೇ ನಿನಗಿಂತ ಮೊದಲಿನ ಹುಡುಗಿಯರು ವಿಮಾನ ಹತ್ತಿದ ಮೇಲೆ.

ಮೊನ್ನೆ ಊರ ಮುಖಂಡ ಎಪೆಲಿ ರಕ್ತದೊತ್ತಡ ತೋರಿಸಲು ಬಂದಿದ್ದ. ‘ಸಿಸ್ಟರ್, ನಮ್ ಲೈಸಾನಿ ಅಲ್ಲಿ ಬಿಳೀ ಅಜ್ಜಂದಿರ ಕಾಲು ಒತ್ತುತಾವ್ಳಂತೆ. ಇಲ್ಲಿ ನನ್ ಕಾಲು ಒತ್ತೋರ್ ಯಾರು?’

‘ನಿನ್ ಹೆಂಡ್ತಿ’ ಅಂದೆ.

‘ಅವ್ಳೂ ಅರ್ಜಿ ಹಾಕವ್ಳೆ’ ಅಂದ.

ನಕ್ಕೆವು. ಅವನ ಒತ್ತಡ ಮಾತ್ರ ನಗುವ ಹಾಗಿರಲಿಲ್ಲ. ಮಾತ್ರೆ ಎರಡು ವಾರಕ್ಕಾಗುವಷ್ಟಿತ್ತು, ಕೊಟ್ಟೆ. ಆಮೇಲಿನ ಎರಡು ವಾರಕ್ಕೆ ಹಡಗು ಬರಬೇಕು.

೨೦೨೩ರ ಮಾರ್ಚ್ ಒಂದಕ್ಕೆ ನೀನು ಮರಳಿ ಹಾಜರಾಗುತ್ತೀ ಎಂದು ಆರೋಗ್ಯ ಇಲಾಖೆಯ ಕಚೇರಿಗೆ ನನ್ನ ಕೈಯಾರೆ ಬರೆದುಕೊಟ್ಟಿದ್ದೇನೆ. ನೆನಪಿಸುತ್ತಿದ್ದೇನೆ ಅಷ್ಟೇ, ಒತ್ತಾಯವಲ್ಲ.

ಮಕೆರೆತಾ

•

ಕೂರಬಿನ್
೨೦ ಆಗಸ್ಟ್ ೨೦೨೨

ಪ್ರೀತಿಯ ಸಿಸ್ಟರ್,

ಈ ಸಲ ಹೆಮ್ಮೆ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ. ಕ್ಲಾರಿಯ ಕಾಲು ಉಳಿಯಿತು!

ಅವರಿಗೂ ಸಕ್ಕರೆ ಕಾಯಿಲೆ. ಹೆಬ್ಬೆರಳ ಬುಡದಲ್ಲಿ ಕೋಟಿನ ಗುಂಡಿಯಷ್ಟು ಅಗಲದ ಗಾಯ. ಹದಿನೈದು ದಿನದ ಡಾಕ್ಟರು ಎರಡು ಬೆರಳು ತೆಗೆಯಬೇಕಾದೀತು ಎಂದಿದ್ದರು. ದಿನ ಬಿಟ್ಟು ದಿನ ಗಾಯ ತೊಳೆದು ಕಟ್ಟು ಹಾಕಿದೆವು. ಪಾದದ ಮುಂಭಾಗ ನೆಲಕ್ಕೆ ತಾಗದ ಒಂದು ಬೂಟು ಬಂತು. ಒಂಬತ್ತು ವಾರ. ಮೊದಲು ಅಂಚು ಗುಲಾಬಿಯಾಯಿತು, ಆಮೇಲೆ ಮುಚ್ಚಿತು. ಪ್ರತಿ ಸಲ ಕಟ್ಟು ಬಿಚ್ಚುವಾಗ ಅವರು ಚಾವಣಿ ನೋಡುತ್ತ, ‘ಲಿಜಿ, ಇನ್ನೂ ಅಲ್ಲೇ ಇದ್ಯಾ, ಇಲ್ಲಾ ನಾಯಿಗೆ ಹಾಕ್ಬಿಟ್ರಾ?’ ಎಂದು ಕೇಳುತ್ತಿದ್ದರು.

ಅವರ ಹೆಂಡತಿ ಮೇಸಿ ತೊಂಬತ್ತು ಕಿಲೋಮೀಟರ್ ಆಚೆಯ ಆಸ್ಪತ್ರೆಯಲ್ಲಿದ್ದಾರೆ. ಕಾಯಿಲೆ ವಾಸಿಯಾಗಿ ಹನ್ನೊಂದು ವಾರವಾಯಿತು. ಒಬ್ಬರೇ ಮನೆಯಲ್ಲಿರಲಾರರು, ಇಲ್ಲಿ ಜಾಗ ಇಲ್ಲ, ಆದ್ದರಿಂದ ಆಸ್ಪತ್ರೆಯ ಹಾಸಿಗೆಯಲ್ಲೇ ಮಲಗಿದ್ದಾರೆ. ಆ ಹಾಸಿಗೆ ಬೇಕಾದವರು ಹೊರಗೆ ಕಾಯುತ್ತಾರೆ. ಬೆಳಿಗ್ಗೆ ಚಹಾ ಕೊಡುವಾಗ ಕ್ಲಾರಿ ಮೆಲ್ಲಗೆ, ‘ಯಾರಾದ್ರೂ ಹೋದ್ರಾ?’ ಎಂದು ಕೇಳುತ್ತಾರೆ. ಹೋದರೆ ಜಾಗ ಖಾಲಿಯಾಗುತ್ತದಲ್ಲ. ಕೇಳಿದ ಮೇಲೆ ಅರ್ಧ ಗಂಟೆ ನನ್ನ ಮುಖ ನೋಡುವುದಿಲ್ಲ.

ಒಂದು ವಿಷಯ ನಿಮಗೆ ಹೇಳಲೇಬೇಕು. ಇಲ್ಲಿ ಯಾರಾದರೂ ತೀರಿಕೊಂಡರೆ ಅವರ ಹೆಸರಿನಲ್ಲಿ ಬಂದ ಔಷಧಿ, ಕಟ್ಟುಬಟ್ಟೆ, ಎಲ್ಲ ಕಸಕ್ಕೆ. ತೆರೆಯದ ಡಬ್ಬಿಗಳೂ. ಇನ್ನೊಬ್ಬರಿಗೆ ಬಳಸುವಂತಿಲ್ಲವಂತೆ. ಹಳೆಯ ಬೆಡ್‌ಶೀಟು ಕುದಿಸಿ ಪಟ್ಟಿ ಹರಿಯುತ್ತಿದ್ದ ನಮ್ಮ ದಿನಗಳು ನೆನಪಾದವು.

ನಿಮ್ಮ
ಲೈಸಾನಿ

•

ವುನಿವಾಯ್
೪ ಅಕ್ಟೋಬರ್ ೨೦೨೨

ಲೈಸಾನಿ,

ಆ ಅಜ್ಜನ ಗಾಯದ ಬಗ್ಗೆ ನೀನು ಬರೆದದ್ದು ಸಾಲದು. ಆಳ ಎಷ್ಟಿತ್ತು? ಎಲುಬು ತಾಗುತ್ತಿತ್ತೇ? ವಾಸನೆ ಇದ್ದಾಗ ಏನು ಹಾಕಿದಿರಿ? ಅಂಚು ಕಪ್ಪಾಗಿದ್ದರೆ ಕತ್ತರಿಸಿದಿರೋ, ಹಾಗೇ ಬಿಟ್ಟಿರೋ? ಆ ಬೂಟು ಹೇಗಿದೆ? ಮರದಲ್ಲಿ ಕೆತ್ತಿಸಬಹುದಾದರೆ ಚಿತ್ರ ಬರೆದು ಕಳಿಸು.

ಇಲ್ಲೊಬ್ಬ ಹೆಂಗಸಿದ್ದಾಳೆ, ಅರವತ್ತು ದಾಟಿದವಳು. ಎರಡು ತಿಂಗಳ ಹಿಂದೆ ಮೇಲಿನ ಊರಿನ ದಾರಿಯಲ್ಲಿ ಚಪ್ಪಲಿ ದಾಟಿ ಮೊಳೆ ಚುಚ್ಚಿದೆ. ನೋವಿಲ್ಲ ಎನ್ನುತ್ತಾಳೆ. ನಡೆಯಬೇಡ ಎಂದರೆ ಕೇಳುವುದಿಲ್ಲ. ಇಂಥ ಹಟದವಳನ್ನು ನನ್ನ ಕೆಲಸದ ಜೀವನದಲ್ಲೇ ನೋಡಿಲ್ಲ.

ಉಳಿದಂತೆ ಎಲ್ಲ ಕ್ಷೇಮ. ಮೂವರು ಬಸುರಿಯರಿದ್ದಾರೆ, ಒಬ್ಬಳಿಗೆ ಅವಳಿ ಎಂದು ಅನುಮಾನ. ದಿವಿಹಲಸು ಈ ವರ್ಷ ಚೆನ್ನಾಗಿ ಬಿಟ್ಟಿದೆ.

ಬೇಗ ಉತ್ತರಿಸು.

ಮಕೆರೆತಾ

•

ಕೂರಬಿನ್
೧೨ ನವೆಂಬರ್ ೨೦೨೨

ಪ್ರೀತಿಯ ಸಿಸ್ಟರ್,

ನಿಮ್ಮ ಪ್ರಶ್ನೆಗಳನ್ನು ಓದಿ ಮತ್ತೆ ವಿದ್ಯಾರ್ಥಿನಿಯಾದೆ. ಪರೀಕ್ಷೆಯಲ್ಲಿ ನಪಾಸಾಗಬಾರದೆಂದು ಮೂರು ಹಾಳೆ ಬರೆದಿದ್ದೇನೆ, ಬೂಟಿನ ಚಿತ್ರವೂ ಇದೆ. ಯಾವ ದಿನ ಏನು ಹಾಕಿದೆವು ಎಂದು ತಾರೀಕು ಸಮೇತ ಇದೆ. ಔಷಧಿಗಿಂತ ಕೆಲಸ ಮಾಡಿದ್ದು ಒಂದೇ: ಒಂಬತ್ತು ವಾರ ಆ ಕಾಲಿನ ಮೇಲೆ ಅವರು ಭಾರ ಹಾಕಲಿಲ್ಲ. ಹಾಕಲು ನಾವು ಬಿಡಲಿಲ್ಲ.

ಆ ಹೆಂಗಸಿಗೆ ಗದರಿ, ಸಿಸ್ಟರ್. ನೀವು ಗದರಿದರೆ ಕೇಳದವರುಂಟೇ? ಮುಂದಿನ ಹಡಗಿಗೇ ಹತ್ತಿಸಿ ಸುವಾದ ದೊಡ್ಡಾಸ್ಪತ್ರೆಗೆ ಕಳಿಸಿಬಿಡಿ. ನಾನಂತೂ ಹಾಗೆ ಮಾಡುತ್ತಿದ್ದೆ.

ಇಲ್ಲಿಯ ಮೇಲ್ವಿಚಾರಕಿ ಇನ್ನೂ ಮೂರು ವರ್ಷ ಇರುತ್ತೀಯಾ ಎಂದು ಕೇಳುತ್ತಿದ್ದಾರೆ. ನಾನು ಇನ್ನೂ ಏನೂ ಹೇಳಿಲ್ಲ. ಸುಮ್ಮನೆ ನಿಮಗೆ ತಿಳಿದಿರಲಿ ಎಂದು.

ಕ್ರಿಸ್‌ಮಸ್‌ಗೆ ಒಂದು ಪೆಟ್ಟಿಗೆ ಕಳಿಸುತ್ತಿದ್ದೇನೆ. ಚಾಕೊಲೇಟು, ನಿಮಗೊಂದು ನೀಲಿ ಸ್ವೆಟರು. ಅಲ್ಲಿ ಯಾವ ಚಳಿ ಎಂದು ಬೈಯಬೇಡಿ, ಬಣ್ಣ ನೋಡಿ ಕೊಂಡೆ.

ನಿಮ್ಮ
ಲೈಸಾನಿ

•

ವುನಿವಾಯ್
೩೦ ಜನವರಿ ೨೦೨೩

ಲೈಸಾನಿ,

ಪೆಟ್ಟಿಗೆ ಬಂತು. ವಿನಾಕಾ, ಉಪಕಾರವಾಯಿತು.

ನೀನು ಬರುವುದಿಲ್ಲ ಎಂದಾದರೆ ರಾಜೀನಾಮೆ ಕೊಟ್ಟುಬಿಡು. ಇನ್ನೊಬ್ಬಳನ್ನು ಕಳಿಸಿ ಎಂದು ರೇಡಿಯೋದಲ್ಲಿ ಕಚೇರಿಗೆ ನಾಲ್ಕು ಸಲ ಕೇಳಿದೆ. ‘ನಿಮ್ಮಲ್ಲಿ ಇಬ್ಬರು ನರ್ಸ್ ಇದ್ದಾರಲ್ಲಮ್ಮ’ ಎನ್ನುತ್ತಾರೆ. ಕಾಗದದ ಮೇಲೆ ಇಬ್ಬರಿದ್ದೇವೆ. ನಿನ್ನ ಹೆಸರು ಅಲ್ಲಿರುವ ತನಕ ಜಾಗ ಖಾಲಿಯಲ್ಲ.

ಬರುವುದಾದರೆ ಬಾ. ಇಲ್ಲವಾದರೆ ಹೆಸರು ತೆಗೆಸು. ಎರಡರಲ್ಲಿ ಒಂದನ್ನು ಬೇಗ ಮಾಡು.

ಮಕೆರೆತಾ

•

ಕೂರಬಿನ್
೧೮ ಏಪ್ರಿಲ್ ೨೦೨೩

ಸಿಸ್ಟರ್,

ನಿಮ್ಮ ಕಾಗದ ಬಂದು ಆರು ವಾರವಾಯಿತು. ಉತ್ತರಿಸಲು ಮನಸ್ಸಾಗಲಿಲ್ಲ.

ಒಂಬತ್ತು ಸಾಲು. ಹೇಗಿದ್ದೀಯಾ ಎಂದು ಕೂಡ ಕೇಳಲಿಲ್ಲ. ‘ಹೆಸರು ತೆಗೆಸು’ ಎಂದು ಬರೆದಿರಿ. ಆರು ವರ್ಷ ನಿಮ್ಮ ಜೊತೆ ದುಡಿದೆ, ದೋಣಿಯಲ್ಲಿ ಹೆರಿಗೆ ಮಾಡಿಸಿದೆ, ಚಂಡಮಾರುತದ ದಿನ ಔಷಧಿಯ ಕಪಾಟನ್ನು ನಾವಿಬ್ಬರೂ ಮೈಯಿಂದ ಒತ್ತಿ ಹಿಡಿದಿದ್ದೆವು. ಆ ಊರಲ್ಲಿ ನನ್ನದೆಂದು ಉಳಿದಿರುವುದು ಆ ಒಂದು ಹೆಸರು. ಅದನ್ನೂ ಅಳಿಸಬೇಕೇ? ಎಪೆಲಿ ಮುಂತಾದವರು ಆಡಿಕೊಳ್ಳುವುದನ್ನು ಕೇಳಿ ನಿಮಗೂ ನನ್ನ ಮೇಲೆ ಬೇಸರ ಬಂದಿರಬೇಕು. ಹೋದವಳು ಹೋದಳು, ಅಲ್ಲವೇ?

ರಜೆಯನ್ನು ಇನ್ನೊಂದು ವರ್ಷ ಮುಂದುವರಿಸಿದ್ದೇನೆ. ಕಚೇರಿಯವರು ಒಪ್ಪಿದ್ದಾರೆ. ಆಮೇಲೆ ಬರುತ್ತೇನೆ.

ಮೇಸಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಅದರ ಮರುವಾರ ಇಲ್ಲಿ ಎರಡು ಹಾಸಿಗೆ ಖಾಲಿಯಾದವು. ಕ್ಲಾರಿ ಈಗ ಬೆಳಿಗ್ಗೆ ಏನನ್ನೂ ಕೇಳುವುದಿಲ್ಲ.

ಲೈಸಾನಿ

•

ಕೂರಬಿನ್
೩ ಸೆಪ್ಟೆಂಬರ್ ೨೦೨೩

ಸಿಸ್ಟರ್,

ಏಪ್ರಿಲ್‌ನಲ್ಲಿ ನಾನು ಬರೆದ ಮೇಲೆ ನಿಮ್ಮ ಅಕ್ಷರ ಕಂಡಿಲ್ಲ. ಕೋಪ ಎಂದುಕೊಂಡು ನಾನೂ ಹಟದಲ್ಲಿದ್ದೆ.

ಇವತ್ತು ಚರ್ಚಿನಲ್ಲಿ ಲಾವುವಿನಿಂದ ಹೊಸದಾಗಿ ಬಂದ ಒಬ್ಬಾಕೆ ಸಿಕ್ಕಳು. ನಾನು ವುನಿವಾಯ್‌ನವಳು ಎಂದೆ. ‘ಅಯ್ಯೋ, ಅಲ್ಲಿ ಆಸ್ಪತ್ರೆಗೆ ಬೀಗ ಬಿದ್ದಿದ್ಯಂತಲ್ಲ? ನರ್ಸಮ್ಮನ್ನೇ ದೋಣೀಲಿ ಮಲಗಿಸ್ಕೊಂಡು ಹೋದ್ರಂತೆ’ ಎಂದಳು. ಏನಾಗಿತ್ತು ಎಂದು ಕೇಳಿದೆ. ‘ಕಾಲು’ ಎಂದಳು.

ಕಾಲು.

ಮನೆಗೆ ಬಂದು, ಕಳೆದ ಅಕ್ಟೋಬರ್‌ನ ನಿಮ್ಮ ಕಾಗದ ತೆಗೆದು ಓದಿದೆ. ಅರವತ್ತು ದಾಟಿದವಳು, ಹಟದವಳು. ಸಿಸ್ಟರ್, ಅದನ್ನು ಓದಿ ನಾನು ಆವತ್ತು ನಕ್ಕಿದ್ದೆ.

ರಾಜೀನಾಮೆಯನ್ನು ಈಗಷ್ಟೇ ಕಚೇರಿಗೆ ಕಳಿಸಿದೆ. ನೀವು ಎಲ್ಲಿದ್ದೀರೆಂದು ಗೊತ್ತಿಲ್ಲ. ಇದನ್ನು ಎರಡು ಪ್ರತಿ ಮಾಡಿ ಸುವಾ ಆಸ್ಪತ್ರೆಗೂ ವುನಿವಾಯ್‌ಗೂ ಹಾಕುತ್ತಿದ್ದೇನೆ. ದಯವಿಟ್ಟು ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ಲೈಸಾನಿ

•

ಸುವಾ, ಆಸ್ಪತ್ರೆಯ ಹಾಸಿಗೆಯಿಂದ
೨೨ ಅಕ್ಟೋಬರ್ ೨೦೨೩

ಲೈಸಾನಿ,

ಬದುಕಿದ್ದೇನೆ. ಎಡಗಾಲು ಮೊಣಕಾಲ ಕೆಳಗೆ ಇಲ್ಲ.

ನೀನು ಕೇಳುವ ಮೊದಲೇ ಎಲ್ಲ ಹೇಳಿಬಿಡುತ್ತೇನೆ. ನೀನು ಬರೆದ ಮೂರು ಹಾಳೆಗಳನ್ನು ಕೇಂದ್ರದ ಗೋಡೆಗೆ ಅಂಟಿಸಿ ಅದರಂತೆ ಮಾಡಿದೆ. ಕಟ್ಟುಬಟ್ಟೆ ಇರಲಿಲ್ಲ, ಕುದಿಸಿದ ಬೆಡ್‌ಶೀಟು ಸಾಕಾಯಿತು. ಬೂಟನ್ನು ಎಪೆಲಿ ಕೆತ್ತಿಕೊಟ್ಟ. ಒಂದನ್ನು ಮಾತ್ರ ಮಾಡಲಾಗಲಿಲ್ಲ, ಕಾಲಿನ ಮೇಲೆ ಭಾರ ಹಾಕದಿರುವುದು. ಐದು ಊರುಗಳು ಒಂದು ಕಾಲಿನ ದೂರದಲ್ಲಿಲ್ಲವಲ್ಲ. ಸುವಾಕ್ಕೆ ಹೋಗೋಣವೆಂದರೆ ಮೊದಲು ಬಸುರಿಯರಿದ್ದರು, ಆಮೇಲೆ ಬಾಣಂತಿಯರು, ಆಮೇಲೆ ಜ್ವರದ ಕಾಲ. ಯಾವಾಗಲೂ ಯಾರೋ ಇರುತ್ತಾರೆ. ಬೀಗ ಹಾಕಿ ಹೋಗಲು ಕೈ ಬರಲಿಲ್ಲ. ಜುಲೈನಲ್ಲಿ ಜ್ವರ ಬಂದು ಕೇಂದ್ರದಲ್ಲೇ ಬಿದ್ದಿದ್ದೆನಂತೆ. ಮೀನಿನವರು ದೋಣಿಯಲ್ಲಿ ತಂದರು.

ನಿನಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ನೀನು ಓಡಿ ಬರುತ್ತಿದ್ದೆ. ಕರುಣೆಯಿಂದ ಬಂದ ನರ್ಸು ನನಗೆ ಬೇಕಿರಲಿಲ್ಲ. ಹೀಗೆ ಹೇಳಿದರೆ ದೊಡ್ಡ ಮಾತಾಗುತ್ತದೆ. ನಿಜ ಏನೆಂದರೆ ನಾಚಿಕೆ. ಮೂವತ್ತೇಳು ವರ್ಷ ಕಂಡಕಂಡವರಿಗೆಲ್ಲ ‘ಕಾಲು ತೋರ್ಸು, ನೋವಿಲ್ಲ ಅನ್ನೋದೇ ಕಾಯಿಲೆ’ ಎಂದು ಗದರಿದವಳು ನಾನು. ನನ್ನ ಕಾಲನ್ನು ನಾನು ಯಾರಿಗೂ ತೋರಿಸಲಿಲ್ಲ.

ಇಲ್ಲಿ ವಾರ್ಡಿನಲ್ಲಿ ಮೂವತ್ತು ಹಾಸಿಗೆಗೆ ಒಬ್ಬಳೇ ಹುಡುಗಿ. ಅವಳ ಕಣ್ಣ ಕೆಳಗೆ ಕಪ್ಪು ನೋಡಿದರೆ ಅವಳನ್ನೇ ಮಲಗಿಸಿ ನಾನು ಎದ್ದು ಓಡಾಡೋಣ ಅನ್ನಿಸುತ್ತದೆ. ಪಕ್ಕದ ಹಾಸಿಗೆಯವಳ ಕಟ್ಟನ್ನು ನಾನೇ ಬದಲಿಸುತ್ತೇನೆ. ಹುಡುಗಿ ಕಂಡೂ ಕಾಣದಂತೆ ಹೋಗುತ್ತಾಳೆ.

ಇನ್ನೊಂದನ್ನು ಬರೆಯದೆ ಇರಲಾರೆ. ಎಪೆಲಿ ತೀರಿಹೋದ. ಬೀಗ ಬಿದ್ದ ಐದನೇ ವಾರ. ಎದೆನೋವು ಬಂದು ಕೇಂದ್ರದವರೆಗೆ ನಡೆದು ಮೆಟ್ಟಿಲ ಮೇಲೆ ಕುಳಿತನಂತೆ. ಒಳಗೆ ಯಾರೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ನನ್ನನ್ನು ದೋಣಿಗೆ ಎತ್ತಿದವರಲ್ಲಿ ಅವನೂ ಒಬ್ಬ. ಆದರೂ ಅಲ್ಲಿಗೇ ಹೋದ. ಬೇರೆಲ್ಲಿಗೆ ಹೋಗಬೇಕು?

ಮಕೆರೆತಾ

•

ಕೂರಬಿನ್
೧೫ ನವೆಂಬರ್ ೨೦೨೩

ಪ್ರೀತಿಯ ಸಿಸ್ಟರ್,

ನಾನೂ ಎಲ್ಲ ಹೇಳಿಬಿಡುತ್ತೇನೆ.

ನಾನು ಇಲ್ಲಿ ನರ್ಸ್ ಅಲ್ಲ. ನಮ್ಮ ಸರ್ಟಿಫಿಕೇಟು ಇಲ್ಲಿ ನಡೆಯುವುದಿಲ್ಲ. ಸಹಾಯಕಿ. ಸ್ನಾನ ಮಾಡಿಸುವುದು, ಉಣಿಸುವುದು, ಬಟ್ಟೆ ಬದಲಿಸುವುದು. ಕ್ಲಾರಿಯ ಗಾಯ ನೋಡಿದ್ದು ಇಲ್ಲಿಯ ನರ್ಸ್. ಅವಳಿಗೂ ಪುರುಸೊತ್ತಿಲ್ಲದೆ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿಸುತ್ತಿದ್ದಳು. ‘ಇಷ್ಟು ಚೆನ್ನಾಗಿ ಯಾರ್ ಕಲ್ಸಿದ್ರು?’ ಎಂದಾಗ ನಿಮ್ಮ ಹೆಸರು ಹೇಳಿದ್ದೆ. ನಿಮಗೆ ಬರೆಯುವಾಗ ಮಾತ್ರ ‘ನರ್ಸಿಂಗ್ ಕೆಲಸವೇ’ ಎಂದೆ.

ಮೇಲ್ವಿಚಾರಕಿಗೆ ಇನ್ನೂ ಏನೂ ಹೇಳಿಲ್ಲ ಎಂದು ಬರೆದಿದ್ದೆನಲ್ಲ, ಅದಕ್ಕೆ ಒಂದು ತಿಂಗಳ ಮೊದಲೇ ಮೂರು ವರ್ಷಕ್ಕೆ ಸಹಿ ಹಾಕಿಯಾಗಿತ್ತು. ಆದರೂ ಊರಿನ ಕೆಲಸ ಬಿಡಲಿಲ್ಲ. ಇಲ್ಲಿ ಸಾಗದಿದ್ದರೆ ಅಲ್ಲಿ ಇರಲಿ ಎಂದು. ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿ ಹೋದವಳ ಹಾಗೆ. ನನ್ನ ಕರವಸ್ತ್ರದ ಪಕ್ಕದಲ್ಲಿ ನೀವು ಹದಿನಾರು ತಿಂಗಳು ನಿಂತೇ ಇದ್ದಿರಿ.

ಕಸಕ್ಕೆ ಹೋದ ಡಬ್ಬಿಗಳ ಬಗ್ಗೆ ನಾನೇ ನಿಮಗೆ ಬರೆದೆ. ಒಂದೇ ಒಂದನ್ನು ತೆಗೆದಿಡಬೇಕೆಂದು ಹೊಳೆಯಲಿಲ್ಲ. ಸ್ವೆಟರ್ ಕಳಿಸಿದೆ. ಎಪೆಲಿಯ ವಿಷಯ ಓದಿದ ಮೇಲೆ ಆ ಮೆಟ್ಟಿಲು ಕಣ್ಣಿಂದ ಹೋಗುತ್ತಿಲ್ಲ. ಅವರು ಆಡಿಕೊಳ್ಳುತ್ತಾರೆಂದು ನಾನು ಬರೆದಿದ್ದೆ.

ನಾನು ಬರುತ್ತೇನೆ. ಒಪ್ಪಂದ ಮುರಿಯುತ್ತೇನೆ. ನಿಮ್ಮನ್ನು ನೋಡಿಕೊಳ್ಳುತ್ತೇನೆ, ಕೇಂದ್ರ ತೆರೆಯುತ್ತೇನೆ. ಒಂದು ಮಾತು ಹೇಳಿ, ಹೊರಟುಬಿಡುತ್ತೇನೆ.

ಲೈಸಾನಿ

•

ವುನಿವಾಯ್
೨೦ ಫೆಬ್ರವರಿ ೨೦೨೪

ಲೈಸಾನಿ, ಮಗಳೇ,

ಹಡಗು ಎರಡು ತಿಂಗಳು ತಪ್ಪಿತು, ಉತ್ತರ ತಡವಾಯಿತು. ನಾನು ಡಿಸೆಂಬರ್‌ನಲ್ಲೇ ಊರಿಗೆ ಬಂದೆ. ಹಡಗಿನಿಂದ ದಡಕ್ಕೆ ನಾಲ್ವರು ಹೊತ್ತು ತಂದರು, ಅದರಲ್ಲಿ ಮೂವರು ನನ್ನ ಕೈಯಲ್ಲಿ ಹುಟ್ಟಿದವರು. ‘ಸಿಸ್ಟರ್, ನಾವ್ ಹುಟ್ಟುವಾಗ್ಲೂ ಇಷ್ಟು ಭಾರ ಇರ್ಲಿಲ್ಲ ಬಿಡಿ’ ಎಂದು ಒಬ್ಬ ಅಂದ. ಕೊಬ್ಬು!

ನೀನು ಬರಬೇಡ. ಕೋಪದಿಂದ ಹೇಳುತ್ತಿಲ್ಲ. ನಿನ್ನ ಜಾಗ ಖಾಲಿಯಿಲ್ಲ. ನಿನ್ನ ರಾಜೀನಾಮೆ ತಲುಪಿದ ಆರನೇ ವಾರಕ್ಕೆ ತರೈವಿನಿ ಎಂಬ ಹುಡುಗಿಯನ್ನು ಕಳಿಸಿದರು. ಇಪ್ಪತ್ತಮೂರು ವಯಸ್ಸು, ಕೈ ಚುರುಕು, ಅಕ್ಷರ ನಿನಗಿಂತ ಚೆನ್ನ. ಆರು ವಾರ, ಲೈಸಾನಿ. ಅಷ್ಟೇ ಬೇಕಾಗಿದ್ದದ್ದು. ಇದನ್ನು ಬರೆಯುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಮುಚ್ಚಿಟ್ಟದ್ದರಿಂದ ನಮ್ಮಿಬ್ಬರಿಗೂ ಏನಾಯಿತೆಂದು ನೋಡಿದ್ದೇವಲ್ಲ, ಆದ್ದರಿಂದ ಬರೆದೆ.

ನೀನು ಹೋದದ್ದು ತಪ್ಪೆಂದು ನಾನು ಯಾವತ್ತೂ ಅಂದುಕೊಂಡಿಲ್ಲ. ನಿನ್ನ ಕ್ಲಾರಿಗೂ ಯಾರಾದರೂ ಬೇಕಲ್ಲ. ಅವರ ದೇಶಕ್ಕೆ ವಯಸ್ಸಾಯಿತು, ನಮ್ಮ ದ್ವೀಪಕ್ಕೂ ಆಯಿತು. ಇರುವ ಹುಡುಗಿಯರು ಅವರೇ ಕೆಲವರು. ಎಳೆಯುವ ಶಕ್ತಿ ಯಾರಿಗಿದೆಯೋ ಅವರು ಎಳೆದುಕೊಳ್ಳುತ್ತಾರೆ. ನಿನ್ನ ಮೇಲೆ ನನಗೆ ಬೇಸರವಿರುವುದು ಒಂದೇ ಕಾರಣಕ್ಕೆ, ಅದು ನಿನಗೆ ಗೊತ್ತು. ನನ್ನ ಮೇಲೆ ಇರುವ ಬೇಸರ ಅದಕ್ಕಿಂತ ದೊಡ್ಡದು. ‘ಹೆಸರು ತೆಗೆಸು’ ಎಂದು ಬರೆದವಳು ‘ನನ್ನ ಕಾಲು ಹೋಗುತ್ತಿದೆ’ ಎಂದು ಇನ್ನೊಂದು ಸಾಲು ಬರೆಯಬಹುದಿತ್ತು. ಹಾಳೆಯಲ್ಲಿ ಜಾಗ ಇತ್ತು.

ಮೊನ್ನೆ ತರೈವಿನಿ ಚಹಾ ಕುಡಿಯುತ್ತ ಕೇಳಿದಳು: ‘ಸಿಸ್ಟರ್, ಆಸ್ಟ್ರೇಲಿಯಾಗೆ ಹೋಗೋರ್ಗೆ ಮೊದ್ಲು ನೀವೇ ಸಹಿ ಹಾಕ್ಕೊಡ್ತಿದ್ರಂತೆ?’

‘ಬಂದ್ ಮೂರ್ ತಿಂಗ್ಳಾಯ್ತು, ಆಗ್ಲೇ ಹೊರಟ್ಯಾ?’ ಅಂದೆ.

‘ಈಗಲ್ಲ. ಸುಮ್ನೆ ಕೇಳ್ದೆ.’

ಸುಮ್ಮನೆ ಕೇಳುವುದು ಹೇಗಿರುತ್ತದೆಂದು ನನಗೆ ಗೊತ್ತು. ನೀನೂ ಸುಮ್ಮನೆ ಕೇಳಿದ್ದೆ. ನನ್ನ ಸಹಿಗೆ ಈಗ ಬೆಲೆಯಿಲ್ಲ, ನನ್ನ ಸೇವೆ ಮುಗಿಯಿತು ಎಂದೆ. ಅವಳು ಲೋಟ ತೊಳೆದಿಟ್ಟು ಎದ್ದುಹೋದಳು. ಹೋದವಳ ಬೆನ್ನು ನೋಡುತ್ತ, ಇವಳಿಗೆ ಹೆರಿಗೆಯ ರಕ್ತಸ್ರಾವ ನಿಲ್ಲಿಸುವುದನ್ನು ಈ ವಾರವೇ ಪೂರ್ತಿ ಕಲಿಸಿಬಿಡಬೇಕು ಅಂದುಕೊಂಡೆ. ಎಲ್ಲಿಗೆ ಹೋದರೂ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ನೀನು ರಜೆ ಸಿಕ್ಕಾಗ ಬಾ. ಕೆಲಸಕ್ಕಲ್ಲ, ನೋಡಲು. ಎಪೆಲಿಯ ಹೆಂಡತಿ ಇಲ್ಲೇ ಇದ್ದಾಳೆ, ಅವಳು ಎಲ್ಲಿಗೂ ಅರ್ಜಿ ಹಾಕಿರಲಿಲ್ಲ. ಮೊದಲು ಅವಳ ಮನೆಗೆ ಹೋಗು, ಆಮೇಲೆ ನನ್ನಲ್ಲಿಗೆ ಬಾ. ಅವಳ ಮುಂದೆ ಏನು ಹೇಳಬೇಕೆಂದು ನನ್ನನ್ನು ಕೇಳಬೇಡ. ನಾನು ಹೋದಾಗ ಇಬ್ಬರೂ ಕೂತು ಮರಗೆಣಸು ಸುಲಿದೆವು.

ತರೈವಿನಿ ಇವತ್ತು ಮೇಲಿನ ಊರಿಗೆ ಹೋಗಿದ್ದಾಳೆ. ಅದು ಗೊತ್ತಾಗಿ ಆಗಲೇ ಮೂವರು ನನ್ನ ಮನೆಯ ಬಾಗಿಲಿಗೆ ಬಂದು ಕೂತಿದ್ದಾರೆ. ನಾನು ಈಗ ನರ್ಸ್ ಅಲ್ಲ, ನಾಳೆ ಕೇಂದ್ರಕ್ಕೆ ಹೋಗಿ ಎಂದೆ. ‘ಕಾಲ್ ತಾನೇ ಹೋಗಿರೋದು, ಕಣ್ಣೈತಲ್ಲ, ನೋಡಿ’ ಎನ್ನುತ್ತಿದ್ದಾರೆ. ಒಬ್ಬಳು ಆಗಲೇ ಕಾಲು ಚಾಚಿದ್ದಾಳೆ.

ಇಲ್ಲಿಗೆ ನಿಲ್ಲಿಸುತ್ತೇನೆ.

ಮಕೆರೆತಾ